ಹನ್ನೊಂದನೇ ನಂಬರಿನ ಬಿಲ್ಲೆ

ಫೋನು ಬಂದಾಗ ಗುಬ್ಬಿಯ ಬಿಲ್ಲೆ ನನ್ನ ಕೋಟಿನ ಜೇಬಿನಲ್ಲಿತ್ತು. ಕೋಟು ಬಾಗಿಲ ಹಿಂದಿನ ಗೂಟಕ್ಕೆ ನೇತುಬಿದ್ದಿತ್ತು. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ, ಚಹಾಕ್ಕೆ ನೀರಿಟ್ಟು, ಆಕಳಿಸುತ್ತ ನಿಂತಿದ್ದೆ. ಶನಿವಾರ ಸಂಜೆ ಐದು ದಾಟಿತ್ತು. ಆ ಕಡೆಯಿಂದ ಮಾತಾಡುತ್ತಿರುವವಳು ನನ್ನ ಸ್ವಂತ ಅಕ್ಕ ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ಗುಬ್ಬಿ ಒಳಗಿದ್ಲಂತೆ ಕಣೇ. ಕೋಲ್ಡ್ ರೂಮಲ್ಲಿ. ನಿನ್ನ ಭಾವ ಬೀಗ ಹಾಕ್ಬಿಟ್ಟಿದಾರೆ."

"ಯಾವಾಗ?" ಎಂದೆ.

"ಎರಡು ಗಂಟೆಗೆ. ಈಗ ಲಾರಿ ಬಂತು ಅಂತ ತೆಗೆದ್ರೆ ಬಾಗಿಲ ಬುಡದಲ್ಲೇ ಬಿದ್ದಿದ್ಲಂತೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಮೂರು ಗಂಟೆ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಎಂದು ಲೆಕ್ಕ ಹಾಕಿದೆ, ಲೆಕ್ಕ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ. ಆಮೇಲೆ ಕೋಟಿನ ಜೇಬಿಗೆ ಕೈ ಹಾಕಿದೆ. ಹಿತ್ತಾಳೆಯ ಎರಡು ಬಿಲ್ಲೆಗಳ ಜಾಗದಲ್ಲಿ ಒಂದೇ ಇತ್ತು. ನನ್ನದನ್ನು ಗೇಟಿನಲ್ಲಿ ಕೊಟ್ಟು ಬಂದಿದ್ದೆ. ಉಳಿದದ್ದು ಹನ್ನೊಂದನೇ ನಂಬರು, ಅವಳದು.

ಈ ಬಿಲ್ಲೆಯ ಸಂಗತಿಯನ್ನು ಮೊದಲು ಹೇಳಿಬಿಡಬೇಕು. ನಾವು ಆರು ಹೆಂಗಸರು ಕೋಲ್ಡ್ ರೂಮಿನಲ್ಲಿ ಮೀನು, ಬಟಾಣಿಗಳ ಪೆಟ್ಟಿಗೆ ಜೋಡಿಸುವವರು. ಒಳಗೆ ಹೋಗುವಾಗ ಪ್ರತಿಯೊಬ್ಬರೂ ತಮ್ಮ ನಂಬರಿನ ಬಿಲ್ಲೆಯನ್ನು ಬಾಗಿಲ ಪಕ್ಕದ ಹಲಗೆಯ ಮೊಳೆಗೆ ತೂಗುಹಾಕಬೇಕು, ಹೊರಗೆ ಬಂದಾಗ ತೆಗೆದುಕೊಂಡು ಗೇಟಿನ ಗುಮಾಸ್ತರಿಗೆ ಒಪ್ಪಿಸಬೇಕು. ಅವರು ಬಿಲ್ಲೆಗಳನ್ನು ಎಣಿಸುವುದು ರಾತ್ರಿ ಗೇಟು ಮುಚ್ಚುವಾಗ. ಹಲಗೆ ಬರಿದಾದರೆ ಕೋಣೆ ಬರಿದು. ಬೀಗ ಹಾಕುವ ಕೆಲಸ ನನ್ನ ಭಾವನದು, ಅವರು ನೋಡಬೇಕಾದ್ದು ಹಲಗೆಯನ್ನು. ಒಳಗಿನ ಫ್ಯಾನುಗಳ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಕಪಾಟುಗಳ ಸಾಲಿನ ಆಚೆ ಯಾರಿದ್ದಾರೆಂದು ಕಾಣುವುದೂ ಇಲ್ಲ.

ನಿಯಮ ಹೀಗಿದ್ದರೆ, ನಮ್ಮ ರೂಢಿ ಬೇರೆ ಇತ್ತು. ದಪ್ಪ ಕೈಗವಸು ಕಳಚದೆ ಆ ಪುಟ್ಟ ಬಿಲ್ಲೆ ಮೊಳೆಯಿಂದ ಬರುವುದಿಲ್ಲ, ಕಳಚಿದರೆ ಮರಗಟ್ಟಿದ ಬೆರಳಿಗೆ ಅದು ಸಿಗುವುದಿಲ್ಲ. ಹಾಗಾಗಿ ಇಬ್ಬಿಬ್ಬರು ಜೋಡಿಯಾಗಿದ್ದೆವು. ಮೊದಲು ಬಂದವಳು ಜೊತೆಗಾರ್ತಿಯದನ್ನೂ ತೆಗೆದುಕೊಂಡು, ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಡುವುದು. ಭಾವನಿಗೆ ಗೊತ್ತಾದರೆ ಮೈಮೇಲೆ ಏರಿಬರುತ್ತಾರೆಂದು ಅವರ ಕಣ್ಣು ತಪ್ಪಿಸಿಯೇ ಮಾಡುತ್ತಿದ್ದೆವು. ನಾಲ್ಕು ವರ್ಷ ನನ್ನ ಜೋಡಿ ಗುಬ್ಬಿ. ಗುಬ್ಬಿಯಷ್ಟೇ ಇದ್ದಳು, ಗುಬ್ಬಿಯ ಹಾಗೇ ಒಂದು ಕಡೆ ನಿಲ್ಲುತ್ತಿರಲಿಲ್ಲ. ನನ್ನನ್ನು ಅಲ್ಲಿ ಎಲ್ಲರೂ ಮೆಣಸಿನಕಾಯಿ ಎನ್ನುತ್ತಿದ್ದರು, ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಆ ಶನಿವಾರ ಊಟದ ಹೊತ್ತಿನಲ್ಲಿ ಗುಬ್ಬಿ ಒಂದು ತಮಾಷೆ ಮಾಡಿದಳು. ನನ್ನ ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. "ಇವಳ ಬಾಯಿಗೆ ಹೆದರಿ ಅವನೇ ಕೇಳಿ ವರ್ಗ ಮಾಡಿಸ್ಕೊಂಡ" ಎಂದಳು. ಐದೂ ಜನ ಬಿದ್ದು ಬಿದ್ದು ನಕ್ಕರು. ಅದು ಸುಳ್ಳಾಗಿದ್ದರೆ ನಾನೂ ನಗುತ್ತಿದ್ದೆ. ಊಟದ ಡಬ್ಬಿ ಮುಚ್ಚಿ ಎದ್ದುಹೋದೆ. ಆಮೇಲೆ ಅವಳೊಡನೆ ಒಂದು ಮಾತೂ ಆಡಲಿಲ್ಲ. ಅವಳು ಎರಡು ಸಲ ಬಂದು ಮೊಣಕೈಯಿಂದ ತಿವಿದಳು, ನಾನು ಪೆಟ್ಟಿಗೆಗಳ ಕಡೆ ತಿರುಗಿಕೊಂಡೆ.

ಎರಡು ಗಂಟೆಗೆ ಎಲ್ಲರೂ ಹೊರಟರು. ಗುಬ್ಬಿಯದು ಆ ದಿನ ಗುಡಿಸುವ ಸರದಿ. ನಾನು ಹೊರಗೆ ಬಂದು ನನ್ನ ಬಿಲ್ಲೆ ತೆಗೆದುಕೊಂಡೆ. ಹಲಗೆಯ ಮೇಲೆ ಹನ್ನೊಂದು ಒಂದೇ ಉಳಿದಿತ್ತು. ತಿರುಗಿ ನೋಡಿದೆ. ಪ್ಲಾಸ್ಟಿಕ್ ಪಟ್ಟಿಗಳ ಪರದೆಯ ಆಚೆ, ದೂರದ ಕಪಾಟಿನ ಹತ್ತಿರ, ಪೊರಕೆ ಹಿಡಿದ ಅವಳ ಆಕಾರ ಮಂಜುಮಂಜಾಗಿ ಕಾಣುತ್ತಿತ್ತು. ಬಿಲ್ಲೆ ಇಲ್ಲದೆ ಗೇಟಿಗೆ ಹೋದವಳನ್ನು ಗುಮಾಸ್ತರು ನಿಲ್ಲಿಸುತ್ತಾರೆ, ಕಾರಣ ಬರೆಸುತ್ತಾರೆ, ಮ್ಯಾನೇಜರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ನಿಲ್ಲಲಿ, ಎಲ್ಲರೆದುರು ನಿಂತರೆ ಹೇಗಿರುತ್ತದೆಂದು ಇವಳಿಗೂ ತಿಳಿಯಲಿ ಎಂದುಕೊಂಡು ಅವಳ ಬಿಲ್ಲೆಯನ್ನು ಜೇಬಿಗಿಳಿಸಿ ಮನೆಗೆ ಬಂದೆ.

ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಭಾವ ದಿನಾ ಎರಡಕ್ಕೆ ಚಹಾ ಕುಡಿದು, ಎರಡೂಕಾಲಿಗೆ ಬೀಗ ಹಾಕುತ್ತಿದ್ದರು. ಅಷ್ಟರಲ್ಲಿ ಅವಳು ಹೊರಗೆ ಬಂದಿರುತ್ತಾಳೆ ಎಂದು ನಾನು ಯೋಚಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಯೋಚಿಸಲೇ ಇಲ್ಲ. ಆ ದಿನ ಅವರ ಮಗಳಿಗೆ ಜ್ವರವೆಂದು ಅಕ್ಕ ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಚಹಾ ಬಿಟ್ಟು, ಹಲಗೆ ನೋಡಿ, ಬೀಗ ಹಾಕಿ ಓಡಿದ್ದರು.

ಫೋನು ಇಟ್ಟು ನಾನು ಓಡಿಹೋದಾಗ ಆಸ್ಪತ್ರೆಯ ಹೊರಕೋಣೆಯಲ್ಲಿ ಭಾವ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಬೀಗದ ಕೈ ಗೊಂಚಲು ತೊಡೆಯ ಮೇಲೆ ಇತ್ತು. ಪಕ್ಕದಲ್ಲಿ ಪೊಲೀಸಿನವರೊಬ್ಬರು ಬರೆದುಕೊಳ್ಳುತ್ತಿದ್ದರು.

"ಹಲಗೆ ಬರಿದಾಗಿತ್ತು ಸರ್" ಎಂದು ಭಾವ ಹೇಳುತ್ತಿದ್ದರು. "ನಾನು ಕಣ್ಣಾರೆ ನೋಡಿದೆ. ಒಂದೂ ಇರ್ಲಿಲ್ಲ."

"ಮತ್ತೆ ಆಕೆ ಒಳಗೆ ಹೇಗೆ ಇದ್ದಳು?"

"ಗೊತ್ತಿಲ್ಲ ಸರ್. ಹಲಗೆ ಬರಿದಾಗಿತ್ತು."

ಅವರು ಈ ಎರಡೇ ವಾಕ್ಯಗಳನ್ನು ತಿರುಗಿಸಿ ತಿರುಗಿಸಿ ಹೇಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಬಿಲ್ಲೆ ತೆಗೆದು ಪೊಲೀಸಿನವರ ಕೈಗೆ ಕೊಟ್ಟೆ. "ನಾನು ತಗೊಂಡಿದ್ದೆ. ನಾವಿಬ್ರೂ ಒಬ್ಬರದ್ದೊಬ್ಬರು ತಗೊಳ್ತೀವಿ. ದಿನಾ."

"ಆಕೆ ಹಿಂದೆಯೇ ಬರ್ತಿದಾಳೆ ಅಂದ್ಕೊಂಡ್ರಾ?"

ಅವರೇ ಮಾತನ್ನು ನನ್ನ ಬಾಯಿಗಿಟ್ಟರು. ನಾನು ತಲೆಯಾಡಿಸಿದೆ. ಅವರು ಬರೆದುಕೊಂಡರು, ಧೈರ್ಯವಾಗಿ ನಿಜ ಹೇಳಿದಿರಿ ಎಂದು ಮೆಚ್ಚಿಕೊಂಡರು. ಗುಬ್ಬಿಯ ತಾಯಿ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. "ನಿನ್ನದೇನು ತಪ್ಪಮ್ಮ, ನೀನು ಒಳ್ಳೇದಕ್ಕೇ ಮಾಡಿದ್ದು" ಎಂದರು. ನಾನು ಆ ಮುದುಕಿಯ ಹೆಗಲ ಮೇಲೆ ಮುಖವಿಟ್ಟು ಅತ್ತೆ, ಅಳುತ್ತಲೇ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಗುಬ್ಬಿ ಬದುಕಿದಳು. ರಟ್ಟಿನ ಪೆಟ್ಟಿಗೆಗಳನ್ನು ಹರಿದು ಮೈಗೆ ಸುತ್ತಿಕೊಂಡು, ಮೂರು ಗಂಟೆ ನಡೆದಾಡಿ, ಬಾಗಿಲು ಬಡಿದು ಬದುಕಿದಳು. ಬಾಗಿಲಿಗೆ ಹೊರಗೆ ಬೀಗ ಹಾಕಿದ್ದರೂ ಒಳಗಿನಿಂದ ತೆರೆಯುವ ಹಿಡಿ ಇತ್ತು, ಆದರೆ ಅದು ಒಂದು ವಾರದಿಂದ ಹಿಮ ಕಟ್ಟಿ ಕದಲುತ್ತಿರಲಿಲ್ಲ. ಎಡಗೈಯ ನಾಲ್ಕು ಬೆರಳು, ಬಲಗೈಯ ಮೂರು ಬೆರಳು ತೆಗೆಯಬೇಕಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಆ ಗಾದೆಯಲ್ಲಿ ಮೂಗು ಕೊಯ್ದುಕೊಂಡವರದೇ ಆಗಿರುತ್ತದೆ.

ನಿರ್ಲಕ್ಷ್ಯದಿಂದ ಘೋರ ಗಾಯ ಮಾಡಿದರೆಂದು ಭಾವನ ಮೇಲೆ ಕೇಸಾಯಿತು. ನನ್ನನ್ನು ಸಾಕ್ಷಿ ಮಾಡಿದರು. ನಾನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲೇ ಇದ್ದೆನಾದ್ದರಿಂದ ಭಾವ ಏನಾಗುತ್ತಿದ್ದಾರೆಂದು ದಿನಾ ಕಾಣುತ್ತಿತ್ತು. ಮನೆಯ ಯಾವ ಬಾಗಿಲನ್ನೂ ಅವರು ಹಾಗೇ ಮುಚ್ಚುತ್ತಿರಲಿಲ್ಲ. ಕಪಾಟು ಮುಚ್ಚುವ ಮುಂಚೆ ಬಗ್ಗಿ ಒಳಗೆ ನೋಡುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದರು. ಹಾಲಿನ ಪಾತ್ರೆ ಆಚೆ ಸರಿಸಿ, ಹಿಂದೆ ನೋಡಿ, ಮತ್ತೆ ಇಟ್ಟು, ಬಾಗಿಲು ಮುಚ್ಚಿದರು. ಅಕ್ಕ ನನ್ನ ಕಡೆ ನೋಡಿದಳು. ನಮಗಿಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ.

ಭಾವನ ಪರ ವಕೀಲೆ ಐವತ್ತು ದಾಟಿದ ಹೆಂಗಸು, ಒಣ ಮಾತಿನವರು. ನಮ್ಮನ್ನು ಕೂರಿಸಿಕೊಂಡು ಕಿಟಕಿಯ ಕೆಳಗೆ ತೋರಿಸಿದರು. ಬೀದಿಯಲ್ಲಿ ಸಾಲು ಸ್ಕೂಟರುಗಳಿದ್ದವು.

"ಅಲ್ಲಿ ನಾಲ್ಕು ಕಪ್ಪು ಹೆಲ್ಮೆಟ್ ಇವೆ ನೋಡಿ. ನನ್ನದು ಅಂದ್ಕೊಂಡು ಪಕ್ಕದವರದ್ದು ಹಾಕ್ಕೊಂಡು ಹೋದ್ರೆ ಕಳ್ಳತನ ಅಲ್ಲ. ಅವರದ್ದು ಅಂತ ಗೊತ್ತಿದ್ದೂ ಹಾಕ್ಕೊಂಡು ಹೋದ್ರೆ ಕಳ್ಳತನ. ಹೆಲ್ಮೆಟ್ ಅದೇ, ತಲೆ ಅದೇ. ಕೈ ಏನು ಮಾಡ್ತು ಅನ್ನೋದು ಅರ್ಧ ಕೇಸು. ಆಗ ಮನಸ್ಸಲ್ಲಿ ಏನಿತ್ತು ಅನ್ನೋದು ಇನ್ನರ್ಧ."

"ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ಲ ಮೇಡಂ" ಎಂದರು ಭಾವ. "ಕೋಣೆ ಖಾಲಿ ಅಂತ ಇತ್ತು."

"ಅದನ್ನ ಅವರೂ ಒಪ್ತಾರೆ. ನೀವು ನಂಬಿದ್ದು ನಿಜ. ಆದರೆ ಎಚ್ಚರ ಇರೋ ಮನುಷ್ಯ ಹಾಗೆ ನಂಬಬಹುದಾಗಿತ್ತಾ ಅಂತ ಕೇಳ್ತಾರೆ. ಹಿಡಿ ಕೆಟ್ಟಿತ್ತು ಅಂತ ನಿಮಗೆ ಗೊತ್ತಿತ್ತು. ಇನ್ನೊಂದು, ಒಬ್ಬರ ಬಿಲ್ಲೆ ಒಬ್ಬರು ತಗೊಳ್ಳೋ ಅಭ್ಯಾಸ ನಾಲ್ಕು ವರ್ಷದಿಂದ ಇತ್ತು ಅಂತ ನಿಮ್ಮ ನಾದಿನಿಯೇ ಹೇಳಿದಾರೆ. ನಾಲ್ಕು ವರ್ಷ ಕಣ್ಣಮುಂದೆ ನಡೆದದ್ದು ಬೀಗ ಹಾಕೋನಿಗೆ ಹೇಗೆ ಗೊತ್ತಾಗ್ಲಿಲ್ಲ? ನಮ್ಮ ಕೇಸು ಸೋಲೋದಾದ್ರೆ ಅಲ್ಲೇ ಸೋಲೋದು."

ಭಾವನನ್ನು ಕಾಪಾಡುತ್ತದೆಂದುಕೊಂಡಿದ್ದ ಮಾತು ಅವರ ಕುತ್ತಿಗೆಗೇ ಸುತ್ತಿಕೊಳ್ಳುತ್ತಿತ್ತು.

"ಒಂದು ವೇಳೆ..." ಎಂದೆ. "ಆ ದಿನ ಬಿಲ್ಲೆ ತಗೊಂಡಿದ್ದು ಅಭ್ಯಾಸಕ್ಕಲ್ಲ, ಬೇಕು ಅಂತಲೇ ತಗೊಂಡಿದ್ದು ಅಂತಾಗಿದ್ರೆ?"

ವಕೀಲೆ ಕನ್ನಡಕದ ಮೇಲಿನಿಂದ ನೋಡಿದರು. "ಆಗ ನಿಮ್ಮ ಭಾವನ ಕೇಸು ಗಟ್ಟಿ. ಅಭ್ಯಾಸವನ್ನ ಊಹಿಸಬೇಕಿತ್ತು ಅನ್ನಬಹುದು, ಇನ್ನೊಬ್ಬರ ಹಗೆಯನ್ನ ಯಾರೂ ಊಹಿಸೋಕಾಗಲ್ಲ. ತಗೊಂಡೋರು ಮಾತ್ರ ಆರೋಪಿ ಜಾಗಕ್ಕೆ ಬರ್ತಾರೆ. ಯಾಕೆ ಕೇಳ್ತೀರಿ?"

"ಸುಮ್ನೆ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದು. ಆದರೆ ಯಾರೂ ನನ್ನ ಹೆಗಲ ಕಡೆ ನೋಡಲಿಲ್ಲ. ಭಾವ ನನ್ನ ತಲೆ ಸವರಿ, "ನೀನು ಹೆದರಬೇಡ ಪುಟ್ಟಿ, ಇದ್ದದ್ದು ಇದ್ದಹಾಗೆ ಹೇಳು ಸಾಕು" ಎಂದರು.

ಎಂಟು ತಿಂಗಳ ಮೇಲೆ ವಿಚಾರಣೆ ಬಂತು. ಬೆಳಿಗ್ಗೆ ನನ್ನ ಸರದಿ. ಕಟಕಟೆಯ ಮರದ ಕಂಬಿ ಹಿಡಿದು ನಿಂತೆ. ಸರ್ಕಾರಿ ವಕೀಲರು ಮೆತ್ತನೆಯ ದನಿಯಲ್ಲಿ ಕೇಳಿದರು.

"ಬಿಲ್ಲೆ ತೆಗೆದುಕೊಂಡಾಗ ಆಕೆ ಎಲ್ಲಿದ್ದಳು?"

"ನನ್ನ ಹಿಂದೇನೇ ಬರ್ತಿದಾಳೆ ಅಂದ್ಕೊಂಡೆ."

"ಮನೆಗೆ ಯಾಕೆ ಒಯ್ದಿರಿ?"

"ಜೇಬಲ್ಲಿದ್ದದ್ದು ಮರೆತುಹೋಯ್ತು."

"ಈ ರೂಢಿ ಎಷ್ಟು ಜನರಿಗೆ ಗೊತ್ತಿತ್ತು?"

"ನಮಗೆ ಆರು ಜನಕ್ಕೆ."

"ಒಂದೇ ಬಾಗಿಲು, ಒಂದೇ ಹಲಗೆ, ನಾಲ್ಕು ವರ್ಷ. ಬೀಗ ಹಾಕುವವರಿಗೆ ಮಾತ್ರ ಗೊತ್ತಿರಲಿಲ್ಲ?"

"ಇಲ್ಲ ಸರ್" ಎಂದೆ. ಅವರು ನ್ಯಾಯಾಧೀಶರ ಕಡೆ ತಿರುಗಿ ಸಣ್ಣಗೆ ನಕ್ಕರು. ನ್ಯಾಯಾಧೀಶರು ಏನೋ ಬರೆದುಕೊಂಡರು. ಆರೋಪಿಯ ಜಾಗದಲ್ಲಿ ನಿಂತಿದ್ದ ಭಾವ ಮಾತ್ರ ನನ್ನ ಕಡೆ ನೋಡಿ, ಚೆನ್ನಾಗಿ ಹೇಳಿದೆ ಎನ್ನುವಂತೆ ತಲೆಯಾಡಿಸಿದರು. ನನಗೆ ಆ ಕಂಬಿಗೇ ಹಣೆ ಚಚ್ಚಿಕೊಳ್ಳುವಂತಾಯಿತು.

ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಗುಬ್ಬಿ ಒಬ್ಬಳೇ ಕುಳಿತಿದ್ದಳು. ಮಧ್ಯಾಹ್ನ ಅವಳ ಸರದಿ. ಎಂಟು ತಿಂಗಳಲ್ಲಿ ನಾನು ಅವಳನ್ನು ನೋಡಲು ಹೋದದ್ದು ಎರಡೇ ಸಲ, ಎರಡು ಸಲವೂ ಅವಳ ತಾಯಿ ಜೊತೆಗಿರುವಾಗಲೇ. ಒಬ್ಬಳೇ ಸಿಕ್ಕಿದರೆ ಏನಾಗುತ್ತದೋ ಎಂಬ ಹೆದರಿಕೆ ನನಗೆ.

"ಬಾರೇ ಮೆಣಸಿನಕಾಯಿ" ಎಂದಳು. "ಈ ಕೋಟಿನ ಗುಂಡಿ ಹಾಕು. ಅಮ್ಮ ನೀರು ತರೋಕೆ ಹೋದ್ಲು. ಜಡ್ಜ್ ಮುಂದೆ ಹೀಗೆ ಬಿಚ್ಕೊಂಡು ಹೋದ್ರೆ ಅವರೂ ಗಾಬರಿಯಾದಾರು."

ನಾನು ಅವಳ ಮುಂದೆ ಮಂಡಿಯೂರಿದೆ. ಕೆಳಗಿನಿಂದ ಮೊದಲನೇ ಗುಂಡಿ ಹಾಕಿದೆ. ಅವಳ ಕೈಗಳು ಮಡಿಲಲ್ಲಿದ್ದವು. ಅವುಗಳನ್ನು ನೋಡಬಾರದೆಂದು ಗುಂಡಿಯನ್ನೇ ನೋಡುತ್ತಿದ್ದೆ.

"ನಿನಗೊಂದು ಹೇಳ್ಬೇಕು ಅಂತಿದ್ದೆ" ಎಂದಳು. "ಅಮ್ಮನ ಮುಂದೆ ಬೇಡ ಅಂತ ಬಿಟ್ಟೆ, ಅಳ್ತಾಳೆ. ಆ ದಿನ ನಾನು ನಿನ್ನ ನೋಡ್ತಿದ್ದೆ ಕಣೇ."

ಎರಡನೇ ಗುಂಡಿ ನನ್ನ ಬೆರಳಿನಿಂದ ಜಾರಿತು.

"ಪರದೆ ಆಚೆಯಿಂದ ನೋಡ್ತಿದ್ದೆ. ತಮಾಷೆ ಜಾಸ್ತಿ ಆಯ್ತು ಅಂತ ನನಗೂ ಬೇಜಾರಾಗಿತ್ತು. ನೀನು ನಿಂದು ತಗೊಂಡೆ. ಹೊರಟುಹೋಗ್ತಾಳೆ ಅಂದ್ಕೊಂಡೆ. ನೀನು ತಿರುಗಿ ನನ್ನ ನೋಡಿದೆ. ನೋಡಿ ನಂದೂ ತಗೊಂಡೆ. ಅಬ್ಬಾ, ಸಿಟ್ಟು ಇಳೀತು ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ?"

ನಾನು ಜಾರಿದ ಗುಂಡಿಯನ್ನು ಮತ್ತೆ ಹುಡುಕಿ ಹಿಡಿದೆ.

"ಬಟ್ಟೆ ಕೋಣೆಯಲ್ಲಿ ಕಾಯ್ತಿರ್ತಾಳೆ, ಹೋಗಿ ಕಾಲು ಹಿಡಿದಾದ್ರೂ ಸರಿಮಾಡ್ಕೊಳ್ಳೋಣ ಅಂತ ಅವಸರ ಮಾಡ್ಲಿಲ್ಲ. ಮೂಲೆಯಲ್ಲಿ ಹಿಮ ಕಟ್ಟಿತ್ತಲ್ಲ, ಅದನ್ನೂ ಕೆರೆದು ಗುಡಿಸ್ದೆ. ನೀನು ನಂದು ತಗೊಳ್ದೆ ಹೋಗಿದ್ರೆ ನಾನೂ ಸಿಟ್ಟು ಮಾಡ್ಕೊಂಡು ಪೊರಕೆ ಬಿಸಾಕಿ ನಿನ್ನ ಹಿಂದೇನೇ ಓಡಿಬರ್ತಿದ್ದೆ." ಅವಳು ನಕ್ಕಳು. "ಒಳಗೆ ಮೂರು ಗಂಟೆ ಹೇಗೆ ತಡ್ಕೊಂಡೆ ಅಂತ ಡಾಕ್ಟ್ರು ಕೇಳಿದ್ರು. ಅವಳ ಹತ್ರ ನನ್ನ ಬಿಲ್ಲೆ ಇದೆ, ನಾನು ಬರಲಿಲ್ಲ ಅಂದ್ರೆ ಹುಡುಕ್ಕೊಂಡು ಬರ್ತಾಳೆ ಅಂತ ಕಾಯ್ತಿದ್ದೆ ಅಂದೆ."

ನನ್ನ ತಲೆಯೊಳಗೆ ಆ ಫ್ಯಾನುಗಳ ಸದ್ದು ತುಂಬಿಕೊಂಡಿತು. ಅವಳು ಬಾಗಿಲು ಬಡಿಯುತ್ತಿದ್ದಾಗ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಹಲಗೆ ನೋಡಿ ಕೋಣೆ ಬರಿದು ಎಂದು ನಂಬಿದ ಭಾವ, ನನ್ನ ಕೈ ನೋಡಿ ಮನಸ್ಸು ತಿಳಿಯಾಗಿದೆ ಎಂದು ನಂಬಿದ ಇವಳು. ಇಬ್ಬರೂ ಕಂಡದ್ದನ್ನೇ ನಂಬಿದವರು. ಎಂಟು ತಿಂಗಳಿಂದ ನುಂಗಿಕೊಂಡು ಬಂದ ಮಾತು ಇನ್ನು ನುಂಗಲಾಗಲಿಲ್ಲ.

"ಅದಕ್ಕಲ್ಲ ಗುಬ್ಬಿ" ಎಂದೆ.

"ಯಾವುದಕ್ಕಲ್ಲ?"

"ಸಿಟ್ಟು ಇಳಿದಿರ್ಲಿಲ್ಲ. ಗೇಟಲ್ಲಿ ನಿನ್ನ ನಿಲ್ಲಿಸ್ಲಿ, ಎಲ್ಲರ ಮುಂದೆ ಅವಮಾನ ಆಗ್ಲಿ ಅಂತ ತಗೊಂಡೆ. ನೀನು ಒಳಗಿದೀಯ ಅಂತ ನೋಡಿಯೇ ತಗೊಂಡೆ. ಬಟ್ಟೆ ಕೋಣೆಯಲ್ಲಿ ನಾನು ಒಂದು ನಿಮಿಷವೂ ನಿಲ್ಲಲಿಲ್ಲ."

ಅವಳ ಮುಖದಲ್ಲಿ ನಗು ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತವಳ ಹಾಗೆ. ನನ್ನನ್ನು ನೋಡಿದಳು, ತನ್ನ ಮಡಿಲಿನ ಕೈಗಳನ್ನು ನೋಡಿದಳು. ಅವು ತನ್ನವೇ ಎಂಬುದು ಅವಳಿಗೆ ಆಗಲೇ ಮೊದಲ ಸಲ ಗೊತ್ತಾದಂತಿತ್ತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕೈ ತೆಗಿ" ಎಂದಳು.

ಕೋಟಿನಿಂದ ಕೈ ತೆಗೆದೆ. ಅವಳು ಎದ್ದು, ಅರ್ಧ ಗುಂಡಿ ಹಾಕಿದ ಕೋಟಿನಲ್ಲೇ ಮೆಟ್ಟಿಲು ಹತ್ತಿ ಹೋದಳು.

ಮಧ್ಯಾಹ್ನ ನಾನು ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತೆ. ಅಕ್ಕ, "ಯಾಕೆ ಬೆವರ್ತಿದೀಯ?" ಎಂದು ಸೆರಗಿನ ತುದಿಯಿಂದ ನನ್ನ ಹಣೆ ಒರೆಸಿದಳು. ಗುಬ್ಬಿ ಕಟಕಟೆಯಲ್ಲಿ ನಿಂತಿದ್ದಳು. ಕಂಬಿ ಹಿಡಿಯಲು ಆಗದೆ ಮಣಿಕಟ್ಟುಗಳನ್ನು ಅದರ ಮೇಲಿಟ್ಟಿದ್ದಳು.

ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದ ಮೇಲೆ ನಮ್ಮ ವಕೀಲೆ ಎದ್ದರು. "ನಿಮ್ಮ ಬಿಲ್ಲೆಯನ್ನು ನಿಮ್ಮ ಗೆಳತಿ ತೆಗೆದುಕೊಳ್ಳುವ ರೂಢಿ ಇತ್ತೇ?"

"ಇತ್ತು."

"ಅದು ಬೀಗ ಹಾಕುವವರಿಗೆ ಗೊತ್ತಿತ್ತೇ?"

"ಇಲ್ಲ. ಅವರಿಗೆ ಕಾಣದ ಹಾಗೆ ಮಾಡ್ತಿದ್ವಿ. ಅವರದ್ದೇನೂ ತಪ್ಪಿಲ್ಲ."

ಭಾವ ಮುಖ ಮುಚ್ಚಿಕೊಂಡರು. ಅಕ್ಕ ನನ್ನ ಕೈ ಹಿಚುಕಿದಳು. ಆಗ ಸರ್ಕಾರಿ ವಕೀಲರು ಮತ್ತೆ ಎದ್ದು, ಅದೇ ಮೆತ್ತನೆಯ ದನಿಯಲ್ಲಿ ಕೇಳಿದರು. "ಹಾಗಾದರೆ ಆ ದಿನವೂ ನಿಮ್ಮ ಗೆಳತಿ ರೂಢಿಯಂತೆ, ನಿಮಗೆ ಸಹಾಯವಾಗಲೆಂದೇ ಬಿಲ್ಲೆ ತೆಗೆದುಕೊಂಡರು. ಹೌದೋ ಅಲ್ಲವೋ?"

ಗುಬ್ಬಿ ಮಣಿಕಟ್ಟುಗಳನ್ನು ಕಂಬಿಯಿಂದ ಇಳಿಸಿದಳು.

"ಇವತ್ತು ಮಧ್ಯಾಹ್ನದವರೆಗೆ ಹೌದು ಅಂತಲೇ ಇದ್ದೆ" ಎಂದಳು.

"ಈಗ?"

"ತೆಗೆದ ಕೈಯನ್ನ ನಾನು ನೋಡಿದೀನಿ ಸರ್. ಮನಸ್ಸಲ್ಲಿ ಏನಿತ್ತು ಅಂತ ನಾನು ಹೇಗೆ ಹೇಳ್ಲಿ." ಅವಳು ತಲೆಯೆತ್ತಿ ಹಿಂದಿನ ಸಾಲಿನ ಕಡೆ ನೋಡಿದಳು. "ಅವಳು ಇಲ್ಲೇ ಕೂತಿದಾಳೆ. ಅವಳನ್ನೇ ಕೇಳಿ."

ಎಲ್ಲರೂ ತಿರುಗಿದರು. ಭಾವನೂ ತಿರುಗಿದರು. ಅವರ ಮುಖದಲ್ಲಿ ಇನ್ನೂ ನನ್ನ ಮೇಲಿನ ನಂಬಿಕೆಯೇ ಇತ್ತು. ನಾನು ಅಕ್ಕನ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತೆ.

"ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು ಸ್ವಾಮಿ" ಎಂದೆ.